ಅಮ್ಮ ಪಾಂಡಿ ಆಡಿದ ಸಂಜೆ

ಆಗೆಲ್ಲ ನಮ್ಮ ಮನೆಗೆ ಬಂದವರು ಕೂರುವ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತಮಿಳು ಸೀಮೆಯ ವಡಪಳನಿಯ ಗಲ್ಲಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ನನಗೆ ಎಂಟು ವರ್ಷ. ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ಅಮ್ಮ ತನ್ನದೊಂದನ್ನು ಕೊಟ್ಟಿದ್ದಳು. ಇಬ್ಬರೂ ಆಸ್ಪತ್ರೆಯಿಂದ ಬಂದು ಕೆಲವು ತಿಂಗಳಾಗಿತ್ತು.

ಅಪ್ಪ ಕುಂದಾಪುರ ಕಡೆಯವರು, ಹತ್ತಿರದ ಹೋಟೆಲಿನಲ್ಲಿ ಅಡುಗೆಮನೆಯ ಉಸ್ತುವಾರಿ. ಊರಿಗೆಲ್ಲ ಸಾಂಬಾರು ಬಡಿಸುವವರ ಮಗಳಿಗೆ ಅಲ್ಲಿನ ಒಂದು ತುತ್ತೂ ಸಲ್ಲದು. ಅಪ್ಪನ ಅಂಗಿಗೆ ಇಂಗಿನ ಒಗ್ಗರಣೆಯ ವಾಸನೆ. ಆದರೆ ಸ್ನಾನ ಮಾಡದೆ ಅವರು ನನ್ನನ್ನು ಮುಟ್ಟುವಂತಿರಲಿಲ್ಲ, ಸ್ನಾನವಾದ ಮೇಲೆ ಆ ವಾಸನೆಯೂ ಇರುತ್ತಿರಲಿಲ್ಲ. ನನ್ನ ಪಾಲಿಗೆ ಕುದಿಸಿ ಆರಿಸಿದ ನೀರು, ಉಪ್ಪು ಕಡಿಮೆಯ ಗಂಜಿ, ಕವರು ಹರಿದ ಕೂಡಲೇ ಮೂಗಿಗೆ ಹೊಡೆಯುವ ಕ್ಯಾಪ್ಸೂಲು.

ಮದ್ದಿಗೆ ಮುಖ ಊದಿತ್ತು. ಗಲ್ಲಿಯ ಹುಡುಗಿಯರು ಕಿಟಕಿಯಾಚೆಯಿಂದ "ಬೋಂಡಾ!" ಎಂದು ಕೂಗುತ್ತಿದ್ದರು.

"ಸೂಡಾ ಇರುಕ್ಕು, ತೊಟ್ಟಾ ಸುಡುಂ!" ಬಿಸಿಯಿದೆ, ಮುಟ್ಟಿದರೆ ಸುಟ್ಟೀತು ಎಂದು ನಾನೂ ಒಳಗಿನಿಂದ ಕಿರುಚುತ್ತಿದ್ದೆ.

ಇನ್ನು ಹೊರಗೆ ಆಡಬಹುದು, ಹೊಟ್ಟೆಗೆ ಪೆಟ್ಟು ಬೀಳಬಾರದು ಅಷ್ಟೆ ಎಂದು ಡಾಕ್ಟರು ಹೇಳಿದ ವಾರವೇ ಊರಿನಿಂದ ದೊಡ್ಡಮ್ಮ ಬಂದರು, ಅಪ್ಪನ ಅಣ್ಣನ ಹೆಂಡತಿ. ಕೈ ತೊಳೆದು ಕೂತು, ನಮ್ಮಿಬ್ಬರನ್ನೂ ನೋಡಿ ನಿಟ್ಟುಸಿರು ಬಿಟ್ಟರು.

"ಗಂಡಾಗಿದ್ರೆ ಬೇರೆ ಮಾತು. ನಾಳೆ ಇನ್ನೊಂದು ಮನೆಗೆ ಹೋಗುವ ಹೆಣ್ಣಿಗೆ ನೀನು ಹೊಟ್ಟೆ ಕೊಯ್ಸಿಕೊಂಡದ್ದು ಎಂತಕ್ಕೆ ಮಾರಾಯ್ತಿ? ಇವಳನ್ನ ಕಟ್ಟಿಕೊಳ್ಳುವವರಾದ್ರೂ ಯಾರು?"

ಅಕ್ಕಿ ಆರಿಸುತ್ತಿದ್ದ ಅಮ್ಮ ಮೊರ ಕೆಳಗಿಟ್ಟಳು.

"ಕಟ್ಟಿಕೊಳ್ಳುವವರಿಗೆ ಕೊಟ್ಟದ್ದಲ್ಲ ಅಕ್ಕ, ಇವಳಿಗೆ ಕೊಟ್ಟದ್ದು." ನನ್ನತ್ತ ತಿರುಗಿದಳು. "ಮಾಸ್ಕ್ ಹಾಕು. ಬಾ, ಆಡುವ."

ಹೊರಗೆ ಹುಡುಗಿಯರು ಚಾಕಿನಲ್ಲಿ ಚೌಕ ಬರೆದು ಪಾಂಡಿ ಆಡುತ್ತಿದ್ದರು, ನಮ್ಮ ಕುಂಟೆಬಿಲ್ಲೆ. ನನ್ನನ್ನು ಕಂಡದ್ದೇ ಎದುರುಮನೆಯ ಸೆಲ್ವಿಯ ತಾಯಿ ಓಡಿಬಂದು ಮಗಳ ಕೈ ಹಿಡಿದೆಳೆದಳು. "ವೇಂಡಾಂ, ಒಟ್ಟಿಕ್ಕುಂ!" ಬೇಡ, ಅಂಟಿಕೊಳ್ಳುತ್ತದೆ.

ಅಮ್ಮನಿಗೆ ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು ತಮಿಳು. ಅಂದು ಅದರಲ್ಲೇ ಜಗಳವಾಡಿದಳು. ಇವಳದ್ದು ಯಾರಿಗೂ ಅಂಟುವುದಿಲ್ಲ, ನಿಮ್ಮ ಮಕ್ಕಳ ನೆಗಡಿ ಇವಳಿಗೆ ಅಂಟಬಹುದು. ಆದರೂ ಕರೆತಂದಿದ್ದೇನೆ. ಹೆದರಬೇಕಾದವಳು ನಾನಾ, ನೀವಾ? ಮಾತು ಸಾಲದಾದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಲ್ಲೆ ಎಸೆದು, ಒಂಟಿ ಕಾಲಲ್ಲಿ ಚೌಕದೊಳಕ್ಕೆ ಹಾರಿದಳು.

ಅರ್ಧ ದಾರಿಯಲ್ಲಿ ಪಕ್ಕೆ ಹಿಡಿದುಕೊಂಡು ನಿಂತಳು. ಮುಖ ಬಿಳುಚಿತ್ತು. ಎತ್ತಿದ ಕಾಲನ್ನು ಮಾತ್ರ ಇಳಿಸಲಿಲ್ಲ.

ಕಿಟಕಿಯಿಂದ ದೊಡ್ಡಮ್ಮ ಕೂಗಿದರು. "ಹೊಲಿಗೆ ಬಿಚ್ಚೀತು ಮಾರಾಯ್ತಿ!"

"ಬಿಚ್ಚಿದ್ರೆ ಹೊಲಿಸಿದರಾಯ್ತು!" ಎಂದು ಅಮ್ಮ ಕೊನೆಯ ಚೌಕದವರೆಗೂ ಕುಂಟಿದಳು.

ಆಮೇಲೆ ನನ್ನ ಸರದಿ. ಕಾಲಲ್ಲಿ ಬಲವಿರಲಿಲ್ಲ, ಮೂರನೇ ಚೌಕಕ್ಕೇ ಗೆರೆ ತುಳಿದೆ. "ಔಟು!" ಎಂದು ಸೆಲ್ವಿ ಚೀರಿದಳು, ತಾಯಿಯ ಕೈ ಕೊಸರಿಕೊಂಡು ಬಂದು ಗೆರೆ ತೋರಿಸಿದಳು. ನಾನು ಒಪ್ಪಲಿಲ್ಲ. ಗಂಟಲು ಹರಿಯುವಂತೆ ಜಗಳ ಮಾಡಿದೆವು. ಪಾಪದ ಮಗು ಎಂದು ಯಾರೂ ನನಗೆ ಬಿಟ್ಟುಕೊಡಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ಮತ್ತೆ ಎಲ್ಲರ ಹಾಗೆ ಔಟಾಗಿದ್ದೆ. ಸೆಲ್ವಿಯ ತಾಯಿ ಸ್ವಲ್ಪ ಹೊತ್ತು ನಿಂತು ನೋಡಿ, ಒಲೆಯ ಮೇಲೆ ಹಾಲಿದೆಯೆಂದು ಒಳಗೆ ಹೋದಳು.

ಇಂದು ಆ ಗಲ್ಲಿಯ ತುಂಬ ಕಾರುಗಳು ನಿಲ್ಲುತ್ತವೆ, ಚೌಕ ಬರೆಯಲು ನೆಲವಿಲ್ಲ. ಅಪ್ಪನ ಹೋಟೆಲು ಮುಚ್ಚಿತು. ನಾನು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಅಮ್ಮ ಕೊಟ್ಟ ಕಿಡ್ನಿಯೂ ನಿಂತುಹೋಯಿತು. ನಾನು ಅತ್ತಾಗ ಅಮ್ಮ ಗದರಿದಳು. "ಸೋತದ್ದು ಅದು, ನೀನಲ್ಲ. ಎದ್ದು ಮುಖ ತೊಳಿ."

ಈಗ ನನ್ನೊಳಗೆ ಇರುವುದು ಹೆಸರೂ ತಿಳಿಯದ, ತೀರಿಹೋದ ಯಾರದೋ ಕಿಡ್ನಿ. ಅದನ್ನು ದೇವರ ದೀಪದ ಹಾಗೆ ಜೋಪಾನ ಮಾಡುತ್ತೇನೆ, ನೀರು ಕುಡಿಯುವುದನ್ನು ಒಮ್ಮೆಯೂ ಮರೆಯುವುದಿಲ್ಲ. ಅಮ್ಮನದರ ಜೊತೆ ಇಂಥ ಮರ್ಯಾದೆ ಇರಲಿಲ್ಲ. ಓಡುತ್ತಿದ್ದೆ, ಬೀಳುತ್ತಿದ್ದೆ, ತಡೆದುಕೋ ಎಂದು ಅದಕ್ಕೇ ಹೇಳುತ್ತಿದ್ದೆ. ಆ ಸಲಿಗೆ ಮತ್ತೆ ಬರಲಿಲ್ಲ.