ಏಳನೆಯ ದಿನದ ಮುದ್ದೆ

ನನ್ನ ತಂಗಿ ಪಟಾಲಮ್ಮ ಅಟ್ಟೂರಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಹದಿನೇಳು ತಲೆ. ಅಂದು ಹಿಡಿದ ಮುದ್ದೆ ಕೋಲನ್ನು ವಯಸ್ಸು ಅರವತ್ತೆರಡಾದರೂ ಸೊಸೆ ಚೈತ್ರಳಿಗೆ ಬಿಟ್ಟುಕೊಡಲಿಲ್ಲ. ಹೊಲ ಹೋಗಿ ಸೈಟಾಯಿತು, ಮೂರಂತಸ್ತಿನ ಮನೆ ಎದ್ದಿತು. ಮನೆಗೆ ಬಂದವರು ಉಣ್ಣದೆ ಹೋಗಬಾರದೆಂಬ ಹಟ ಮಾತ್ರ ಅಲುಗಲಿಲ್ಲ.

ಆ ಸೋಮವಾರ ಎದೆ ಹಿಂಡಿತು. ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದು ಮಲಗಿದಳು. ಮಾರನೆಯ ದಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೃದಯದ ಒಂದು ಭಾಗ ಸತ್ತುಹೋಗಿತ್ತು. ರಕ್ತದಲ್ಲಿ ಬಿಳಿಕಣಗಳು ಮಿತಿ ಮೀರಿ ಹದಿನಾರು ಸಾವಿರಕ್ಕೇರಿದ್ದವು. ಮಗ ಉಮೇಶ್ ಸೋಂಕೆಂದು ಹೆದರಿದ.

"ಸೋಂಕಲ್ಲ," ಎಂದರು ಡಾಕ್ಟರ್ ಶರ್ವಾಣಿ. "ಸತ್ತ ಮಾಂಸ ತೆಗೆಯೋಕೆ ಬಿಳಿಕಣಗಳು ನುಗ್ಗಿವೆ. ಉರಿಯೂತ ಅನ್ನೋದು ಇದನ್ನೇ. ಮೊದಲು ಹಳೇದನ್ನ ಕರಗಿಸ್ತವೆ, ಆಮೇಲೆ ಅಲ್ಲಿ ಗಟ್ಟಿ ಕಲೆ ಕಟ್ಟುತ್ತೆ. ಮಧ್ಯದ ಈ ದಿನಗಳಲ್ಲಿ ಹೃದಯದ ಗೋಡೆ ತೀರಾ ಮೆತ್ತಗಿರುತ್ತೆ. ಒಂದು ಬಿಂದಿಗೆನೂ ಎತ್ತಿಸ್ಬೇಡಿ."

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅದು ಒಂದೇ ಸಲಕ್ಕೆ ತಲೆಗೆ ಹತ್ತಿತು.

ಪಟಾಲಮ್ಮ ಹಟ ಮಾಡಿ ಶನಿವಾರ ಮನೆಗೆ ಬಂದಳು. ಭಾನುವಾರ ಅವಳನ್ನು ನೋಡಲು ಮಾಕಳಿಯಿಂದ ಚೈತ್ರಳ ತವರಿನವರು, ಹನ್ನೊಂದು ಮಂದಿ, ಸೇಬು ಬ್ರೆಡ್ಡು ಹಿಡಿದು ಬಂದರು. ಉಮೇಶ್ ಮಾತ್ರೆ ತರಲು ಹೊರಗೆ ಹೋಗಿದ್ದ.

"ಏನ್ ಬೀಗಿತ್ತಿ, ಆಸ್ಪತ್ರೆ ಊಟಕ್ಕೆ ಕೆಂಪಗಾಗ್ಬುಟ್ಟಿದ್ದೀರಾ!" ಎಂದ ಚೈತ್ರಳ ಅಪ್ಪ ಮುನಿಶಾಮಪ್ಪ.

"ನಿಮ್ಮನೆ ಸಾರಿಗಿಂತ ವಾಸಿಯಾಗಿತ್ತು ಕಣ್ ಬೀಗ್ರೇ."

ಎಲ್ಲರೂ ನಕ್ಕರು. ಆಮೇಲೆ ಕಾಯಿಲೆಯ ವಿಚಾರ ನನ್ನನ್ನು ಕೇಳಿದರು. ಹಜಾರದ ನಡುವೆ ಕುರ್ಚಿ ಎಳೆದುಕೊಂಡು ಬಿಳಿಕಣಗಳ ಕೆಲಸವನ್ನೆಲ್ಲ ಬಿಡಿಸಿ ಹೇಳಿದೆ.

"ಡಾಕ್ಟ್ರೇ ನಿಮ್ತಾವ ಪಾಠ ಕಲೀಬೇಕು ಬುಡಿ," ಎಂದ ಮುನಿಶಾಮಪ್ಪ. ನಾನು ಇನ್ನಷ್ಟು ಹೇಳಿದೆ. ತಂಗಿ ಎದ್ದು ಒಳಗೆ ಹೋದದ್ದನ್ನು ಕಂಡೆ; ಮಾತು ನಿಲ್ಲಿಸಲಿಲ್ಲ.

ಅಡುಗೆಮನೆಯಲ್ಲಿ ಚೈತ್ರ ಅಡ್ಡ ನಿಂತಳಂತೆ. "ಬೇಡ ಅತ್ತೆ, ನಮ್ಮಪ್ಪನ ಮನೆಯವ್ರೇ ತಾನೇ? ಹೋಟ್ಲಿಂದ ತರಿಸ್ತೀನಿ."

"ಬೀಗರಿಗೆ ಓಟ್ಲು ಊಟ ಇಕ್ಕಾದಾ? ಸರ್ಕೋ ಅತ್ಲಾಗೆ. ನೀನು ತಿರುವಿದ್ರೆ ಬರೀ ಗಂಟು."

ಅಷ್ಟು ಜನರ ಮುದ್ದೆಗೆ ಹಿಟ್ಟು ತಿರುವಲು ರಟ್ಟೆಯ ಬಲವೆಲ್ಲ ಬೇಕು. ಪಾತ್ರೆಯನ್ನು ಕೆಳಗಿಳಿಸಿ, ಕಾಲಲ್ಲಿ ಒತ್ತಿ ಹಿಡಿದು, ನಾಲ್ಕು ಸುತ್ತು ತಿರುವಿದಳು. ಐದನೆಯದಕ್ಕೆ ಕೋಲಿನ ಮೇಲೆಯೇ ಒರಗಿದಳು.

ಆಂಬುಲೆನ್ಸ್ ಹೆಬ್ಬಾಳ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಹೃದಯದ ಗೋಡೆ ಹರಿದಿದೆ ಎಂದರು ಶರ್ವಾಣಿ.

"ಅಷ್ಟು ಹೇಳಿದ್ನಲ್ಲ ಯಜಮಾನ್ರೇ, ತಡೆಯೋರು ಯಾರೂ ಇರ್ಲಿಲ್ವಾ ಮನೇಲಿ?"

ಹನ್ನೆರಡು ಜನ ಇದ್ದೆವು, ಹಜಾರದಲ್ಲಿ.