ದಿನಾ ಆಡುವವರಿಗೆ ಬೀಳದ ಚೌಕ

ನಾನು ಏನು ಕೆಲಸ ಮಾಡುತ್ತೇನೆ ಅನ್ನುವುದು ನಮ್ಮತ್ತೆಗೆ ತಿಳಿದದ್ದು ಚೌಕಾಬಾರದಿಂದ. ಅದಕ್ಕೆ ಮುಂಚೆ ಯಾರಾದರೂ ಕೇಳಿದರೆ "ಕಂಪ್ಯೂಟರ್ ಕಂಪನಿ" ಅಂದು ಮಾತು ಮುಗಿಸುತ್ತಿದ್ದರು. ಇನ್ನೂ ಕೆದಕಿದರೆ, "ಹುಡುಗ್ರು ಮೊಬೈಲ್‌ನಾಗ ಆಡ್ತಾವಲ್ಲ, ಅಂಥಾವನ್ನ ಮಾಡ್ತಾಳ" ಎಂದು ಸ್ವಲ್ಪ ದನಿ ತಗ್ಗಿಸುತ್ತಿದ್ದರು. ನಡುವಯಸ್ಸು ದಾಟುತ್ತಿರುವ ಸೊಸೆ ಎರಡು ಡಬ್ಬಿ ಊಟ ಕಟ್ಟಿಕೊಂಡು ಹೋಗಿ ದಿನವಿಡೀ ಆಟ ಮಾಡಿ ಬರುತ್ತಾಳೆ ಅಂತ ಹೇಳಿಕೊಳ್ಳುವುದಕ್ಕೆ ಅವರಿಗೆ ಮುಜುಗರ. ಅದರಲ್ಲಿ ತಪ್ಪೇನೂ ಇಲ್ಲ. ನನಗೂ ಮುಜುಗರವೇ.

ನಮ್ಮ ಮನೆ ಜಿಗಣಿ ಕಡೆ. ಯಜಮಾನರಿಗೆ ಅಲ್ಲಿಯ ಒಂದು ಫ್ಯಾಕ್ಟರಿಯಲ್ಲಿ ಮಷೀನ್ ಬಿಡಿಭಾಗಗಳನ್ನು ಅಳತೆ ನೋಡಿ ಪಾಸು ಮಾಡುವ ಕೆಲಸ. ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೆಳಿಗ್ಗೆ ಚಪಾತಿ ಬೇಯಿಸುವಾಗಲೇ ಬ್ಯಾಡ್ಜು ಕೊರಳಿಗೆ ಹಾಕಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಮರೆಯುತ್ತೇನೆ. ಅದರ ದಾರಕ್ಕೆ ಯಾವಾಗಲೂ ಒಗ್ಗರಣೆ ವಾಸನೆ. ಪಕ್ಕದ ಸೀಟಿನ ಹುಡುಗಿ ಅದನ್ನು ಮೂಸಿ "ಅಕ್ಕ, ಇವತ್ತು ಹೀರೇಕಾಯಿ" ಅಂತ ಹೇಳಿಬಿಡುತ್ತಾಳೆ, ಹೆಚ್ಚಿನ ದಿನ ಸರಿಯಾಗಿಯೇ ಇರುತ್ತದೆ.

ನಮ್ಮದು ಮೊಬೈಲಿನ ಆಟಗಳನ್ನು ಮಾಡುವ ಕಂಪನಿ. ಕಾರು ಓಡಿಸುವುದು, ಗುಳ್ಳೆ ಒಡೆಯುವುದು, ಹೊಲ ಉಳುವುದು, ಎಲ್ಲದರಲ್ಲೂ ನನ್ನ ಕೈ ಇದೆ. ಯಾವುದೂ ನನಗೆ ಬೇಕಾದ ಆಟವಲ್ಲ. ಒಂದನ್ನು ಮುಗಿಸುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ. ಹಿಂದಿನದು ಓಡಲಿಲ್ಲ ಅಂತ ಮುಚ್ಚಿಹಾಕಿರುತ್ತಾರೆ. ಮುಚ್ಚಿದ ಮೇಲೆ ಅದು ಯಾವ ಫೋನಿನಲ್ಲೂ ತೆರೆಯುವುದಿಲ್ಲ. ನಾನು ಮಾಡಿದ್ದು ಇದು ಅಂತ ಮಗಳಿಗೆ ತೋರಿಸೋಣ ಅಂದರೂ ತೋರಿಸಲು ಏನೂ ಉಳಿದಿರುವುದಿಲ್ಲ.

ಹೀಗಿರುವಾಗ ಒಂದು ದಿನ ಮೀಟಿಂಗಿನಲ್ಲಿ "ಚೌಕಾಬಾರ ಮಾಡೋಣ" ಅಂದರು. ಆ ಕೋಣೆಯಲ್ಲಿ ಅದನ್ನು ನಿಜವಾಗಿ ಕೂತು ಆಡಿದವಳು ನಾನೊಬ್ಬಳೇ. ಉಳಿದವರೆಲ್ಲ ನೋಡಿದ್ದರು, ಕೇಳಿದ್ದರು. ಮೊದಲ ಸಲ ಹುಡುಗರು ಮಾಡಿ ತಂದಾಗ ಎಲ್ಲರಿಗೂ ಭಾರೀ ಖುಷಿ. ಎಸೆದಾಗಲೆಲ್ಲ ಚೌಕ, ಎಸೆದಾಗಲೆಲ್ಲ ಬಾರ, ಮತ್ತೆ ಮತ್ತೆ ಎಸೆಯುವುದು, ಕೂಗಾಟ. ನಾನು ಸ್ವಲ್ಪ ಹೊತ್ತು ನೋಡಿ, "ಕವಡೆ ಹೀಗೆ ಬೀಳಲ್ಲ" ಅಂದೆ.

ನಮ್ಮ ಲೀಡು, ಅಂದರೆ ತಂಡದ ಹೊಣೆ ಹೊತ್ತವನು, ನನಗಿಂತ ಚಿಕ್ಕವನು. "ಮೇಡಂ, ಅದೃಷ್ಟ ಅಂದ್ಮೇಲೆ ಹೇಗೆ ಬೇಕಾದ್ರೂ ಬೀಳ್ಬಹುದಲ್ವಾ?" ಅಂದ.

ಅವರು ಕವಡೆಯನ್ನು ಲೂಡೋದ ದಾಳದ ಹಾಗೆ ಬರೆದಿದ್ದರು. ದಾಳದಲ್ಲಿ ಒಂದೂ ಆರೂ ಒಂದೇ ಸಮ. ಕವಡೆ ಹಾಗಲ್ಲ. ನಾಲ್ಕು ಕವಡೆ, ನಾಲ್ಕೂ ತಮ್ಮ ಪಾಡಿಗೆ ತಾವು ಬೀಳುತ್ತವೆ. ಎರಡು ಮಗುಚಿ ಎರಡು ಅಂಗಾತ ಬೀಳುವುದೇ ಹೆಚ್ಚು. ನಾಲ್ಕೂ ಅಂಗಾತ ಬಿದ್ದು ಚೌಕವಾಗುವುದು, ನಾಲ್ಕೂ ಮಗುಚಿ ಬಿದ್ದು ಬಾರವಾಗುವುದು ಅಪರೂಪ. ಅಪರೂಪವಾದ್ದರಿಂದಲೇ ಅದು ಬಿದ್ದಾಗ ಅಜ್ಜಿಯಂದಿರು ತೊಡೆ ತಟ್ಟುವುದು. ಮರುದಿನ ನಾನೇ ಕೂತು ಅದನ್ನು ತಿದ್ದಿ ಬರೆದೆ. ಅಷ್ಟು ವರ್ಷದಲ್ಲಿ ಇದು ನನ್ನದು ಅನ್ನಿಸಿದ ಕೆಲಸ ಅದೊಂದೇ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಆಟದ ಅಂಕಿಸಂಖ್ಯೆಗಳನ್ನೆಲ್ಲ ಆಟದೊಳಗೆ ಹುದುಗಿಸಿಡುವುದಿಲ್ಲ. ಹೊರಗೆ ಒಂದು ಫಲಕದಲ್ಲಿ ಇಡುತ್ತೇವೆ. ಅಲ್ಲಿ ತಿರುಗಿಸಿದರೆ ಸಾಕು, ಎಲ್ಲರ ಫೋನಿನಲ್ಲೂ ಆಟ ಬದಲಾಗುತ್ತದೆ, ಆಡುವವರಿಗೆ ಗೊತ್ತೂ ಆಗುವುದಿಲ್ಲ. ಕವಡೆಗೂ ಹಾಗೆಯೇ ಇಟ್ಟೆ. ಹಾಗೆ ಇಡದಿದ್ದರೆ ಕೆಲಸ ಗೊತ್ತಿಲ್ಲದವಳು ಅನ್ನುತ್ತಾರೆ.

ಆಟ ಹೊರಗೆ ಬಂದಾಗ ಅತ್ತೆಯ ಫೋನಿಗೆ ಹಾಕಿಕೊಟ್ಟೆ. ರಾಣೆಬೆನ್ನೂರಿನಲ್ಲಿರುವ ಅವರ ತಂಗಿಯ ಫೋನಿಗೆ ಅವರ ಸೊಸೆ ಹಾಕಿಕೊಟ್ಟಳು. ಅಕ್ಕತಂಗಿ ನೋಡದೆ ಬಹಳ ಕಾಲವಾಗಿತ್ತು. ಇವರಿಗೆ ಮೊಣಕಾಲು, ಅವರಿಗೆ ಸಕ್ಕರೆ. ಫೋನು ಮಾಡಿದರೂ ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅನ್ನುವುದರಲ್ಲಿ ಮಾತು ಮುಗಿದುಹೋಗುತ್ತಿತ್ತು. ಆಮೇಲೆ ಇಬ್ಬರೂ ಸುಮ್ಮನೆ ಉಸಿರು ಬಿಡುವುದು ಕೇಳಿಸುತ್ತಿತ್ತು. ಚೌಕಾಬಾರ ಬಂದ ಮೇಲೆ ಮಧ್ಯಾಹ್ನ ಊಟವಾದದ್ದೇ ಅತ್ತೆ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಕೂರುತ್ತಿದ್ದರು. ಮಾತಿಗೆ ಮನೆಯ ಇನ್ನೊಂದು ಫೋನು, ಅದರ ಸ್ಪೀಕರಿನಲ್ಲಿ ತಂಗಿ. ರಜೆಯ ದಿನ ನಾನು ಅಡುಗೆಮನೆಯಲ್ಲಿದ್ದರೆ ಎಲ್ಲ ಕೇಳುತ್ತಿತ್ತು.

"ಎಸಿಯಽ, ಏನ್ ಮೆತ್ತಗ ಕುಂತಿ? ಕೈಗೆ ಮದರಂಗಿ ಹಚ್ಚ್ಯಾರೇನು?"

"ತಡಿ ಅಕ್ಕಾ, ಕನ್ನಡಕ ಎಲ್ಲಿಟ್ಟೆ ಅಂತ..."

"ತಲಿ ಮ್ಯಾಲ ನೋಡು."

ಕಾಯಿ ಹೊಡೆಯುವುದರ ನಡುವೆಯೇ ಮಾತೆಲ್ಲ ಬರುತ್ತಿತ್ತು. ಯಾರ ಮನೆ ಮದುವೆ, ಯಾವ ಸೊಸೆ ಹೇಗೆ, ಅವ್ವ ಮಾಡುತ್ತಿದ್ದ ಹುರಕ್ಕಿ ಹೋಳಿಗೆಗೆ ಏಲಕ್ಕಿ ಹಾಕುತ್ತಿದ್ದಳೋ ಜಾಯಿಕಾಯಿಯೋ. ಅತ್ತೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ತಂಗಿಗೆ ಮಾತ್ರ ಮರೆವು. ಎರಡು ದಿನ ಬಂದರೆ ನಾಲ್ಕು ದಿನ ಇಲ್ಲ, ಧಾರಾವಾಹಿ ನೋಡುತ್ತಾ ಮಲಗಿಬಿಡುತ್ತಿದ್ದರು. ಆ ದಿನಗಳಲ್ಲಿ ಅತ್ತೆ ಫೋನನ್ನು ಜಾಡಿಗೆ ಒರಗಿಸಿದಂತೆಯೇ ಇಟ್ಟುಕೊಂಡು ಸಂಜೆಯತನಕ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದರು.

ಆಫೀಸಿನಲ್ಲಿ ನೋಡುವ ನೋಟವೇ ಬೇರೆ. ಜನ ಯಾವಾಗ ಆಟ ಬಿಡುತ್ತಾರೆ ಅಂತ ಲೆಕ್ಕ ಹಾಕುವುದಕ್ಕೇ ಒಂದು ಗುಂಪಿದೆ. ಎರಡು ಎರಡು ಬಿದ್ದು ಬೇಸತ್ತು ಹೊಸಬರು ಹೋಗುತ್ತಿದ್ದಾರೆ ಅಂತ ಅವರು ತೋರಿಸಿದರು. ಮಾಲೀಕರು ಹೊರದೇಶದಲ್ಲಿ, ಅಲ್ಲಿಂದ ಅಪ್ಪಣೆ ಬಂತು. ಲೀಡು ಬೋರ್ಡಿನ ಮೇಲೆ ಬರೆದು ವಿವರಿಸಿದ: ಆಟ ಬಿಡುವ ಹಾಗೆ ಕಾಣುವವರಿಗೆ, ಅಪರೂಪಕ್ಕೆ ಬರುವವರಿಗೆ, ಚೌಕ ಬಾರ ಜಾಸ್ತಿ ಬೀಳಬೇಕು. ದಿನಾ ಬರುವವರಿಗೆ ಕಮ್ಮಿ.

"ದಿನಾ ಬರೋರು ಏನ್ ತಪ್ಪು ಮಾಡಿದ್ರು?" ಅಂದೆ.

"ತಪ್ಪಲ್ಲ ಮೇಡಂ. ಅವ್ರು ಹೆಂಗಿದ್ರೂ ಬರ್ತಾರೆ."

ಪಕ್ಕದ ಸೀಟಿನ ಹುಡುಗಿ ನನ್ನ ಕಿವಿಯ ಹತ್ತಿರ ಬಗ್ಗಿ, "ಅಕ್ಕ, ಇದು ಸಂಬಳ ಏರಿಸೋ ನಮ್ ಅಪ್ರೈಸಲ್ ತರಾನೇ ಇದೆ" ಅಂದಳು. ನಗು ತಡೆದುಕೊಳ್ಳಲು ನಾನು ನೀರು ಕುಡಿದೆ.

ಕವಡೆಯ ಭಾಗ ನನ್ನದಾದ್ದರಿಂದ ಅದನ್ನು ಬರೆಯುವುದೂ ನನ್ನ ಪಾಲಿಗೇ ಬಂತು. ಒಲ್ಲೆ ಅಂದರೆ ಇನ್ನೊಬ್ಬರು ಬರೆಯುತ್ತಾರೆ. ಅದೂ ಎಲ್ಲೆಲ್ಲೋ ಕೈಹಾಕಿ ಕೆಡಿಸುತ್ತಾರೆ. ಒಂದೇ ಒಂದು ಕೇಳಿಕೊಂಡೆ. ಗುರುತಿಲ್ಲದವರ ಜೊತೆ ಆಡುವ ಆಟದಲ್ಲಿ ಏನಾದರೂ ಮಾಡಿಕೊಳ್ಳಿ, ಗುರುತಿನವರು ಒಬ್ಬರನ್ನೊಬ್ಬರು ಕರೆದು ಆಡುವ ಆಟವನ್ನು ಮುಟ್ಟಬೇಡಿ. ಅತ್ತೆಯ ವಿಷಯವನ್ನೂ ಹೇಳಿದೆ. ಲೀಡು ಕೆಟ್ಟವನಲ್ಲ. ಮನೆಯಲ್ಲಿ ಹಸುಗೂಸು, ನಿದ್ದೆಯಿಲ್ಲದ ಕಣ್ಣು, ಮಧ್ಯಾಹ್ನದ ಊಟವನ್ನು ಫೋನಿನಲ್ಲಿ ಮಾತಾಡುತ್ತಾ ನಿಂತೇ ಮುಗಿಸುತ್ತಾನೆ. "ಆಯ್ತು ಮೇಡಂ, ನಿಮಗೋಸ್ಕರ" ಅಂದ. ಹಾಗೆಯೇ ಬರೆದೆ. ಗುರುತಿನವರ ಆಟದಲ್ಲೂ ಈ ಏರುಪೇರು ನಡೆಯಬೇಕಾದರೆ ಒತ್ತಬೇಕಾದ ಗುಂಡಿ ಬೇರೆ, ಅದನ್ನು ಆಫ್ ಮಾಡಿಯೇ ಇಟ್ಟಿದ್ದೆ.

ಅದಾದ ಕೆಲವೇ ವಾರಕ್ಕೆ ಪಕ್ಕದ ಸೀಟಿನ ಹುಡುಗಿ ಬೇರೆ ಕಡೆ ಕೆಲಸ ಹುಡುಕಿಕೊಂಡು ರಾಜೀನಾಮೆ ಕೊಟ್ಟಳು. ತಕ್ಷಣ ಕರೆಸಿ ಮಾತಾಡಿ, ಸಂಬಳ ಪದವಿ ಎಲ್ಲ ಏರಿಸಿ ಉಳಿಸಿಕೊಂಡರು. "ನೋಡಿ ಅಕ್ಕ, ನನಗೆ ಚೌಕ ಬಿತ್ತು. ಹೋಗ್ತೀನಿ ಅಂದ್ರೇನೇ ಬೀಳೋದು. ನೀವೂ ಒಂದ್ಸಲ ಅನ್ರಿ."

"ನಾನು ಹೋಗ್ತೀನಿ ಅಂದ್ರೆ ಹೋಗಿ ಬನ್ನಿ ಅಂತಾರೆ ಕಣೇ."

ಅವಳು ನಕ್ಕಳು. ಇಲ್ಲ ಅನ್ನಲಿಲ್ಲ.

ಅತ್ತೆ ಸೋಲತೊಡಗಿದ್ದು ಆಗಲೇ. ಮೊದಲು ನಾನು ಗಮನ ಕೊಡಲಿಲ್ಲ. ಸಂಜೆ ಬಂದು ಕೈಕಾಲು ತೊಳೆದುಕೊಳ್ಳುವಾಗ, "ಇವತ್ತೂ ಕವಡಿ ಬರ್ವಲ್ದವ್ವಾ" ಅನ್ನುತ್ತಿದ್ದರು. ನಾಳೆ ಬೀಳುತ್ತೆ ಬಿಡಿ ಅತ್ತೆ ಅನ್ನುತ್ತಿದ್ದೆ. ಆಮೇಲೆ ಅವರು ಹೇಳುವುದನ್ನೇ ಬಿಟ್ಟರು. ಒಂದು ಶನಿವಾರ ಪಕ್ಕದಲ್ಲೇ ಕೂತು ನೋಡಿದೆ. ತಂಗಿಯ ಕಾಯಿ ಹೊಡೆಯಲು ಅತ್ತೆಗೆ ಚೌಕ ಬೇಕು; ಎರಡು, ಒಂದು, ಮೂರು ಬಿಟ್ಟು ಬೇರೆ ಬೀಳುವುದೇ ಇಲ್ಲ. ಅತ್ತ ತಂಗಿಗೆ ಚೌಕ, ಅದರ ಬೆನ್ನಿಗೆ ಬಾರ, ಮತ್ತೆ ಚೌಕ.

"ಅಕ್ಕಾ, ನಿನ್ನ ಕೈಗುಣ ಎಲ್ಲಾ ನನಗ ಬಂತು ನೋಡು!" ಅಂತ ಫೋನಿನಲ್ಲಿ ಒಂದೇ ಸಮ ನಗು.

"ತಗೊಳ್ಳವ್ವಾ ತಗೊ, ಸಣ್ಣಾಕಿ ನೀ" ಅಂದರು ಅತ್ತೆ. ನಗುತ್ತಲೇ ಅಂದರು. ಆಟ ಮುಗಿದ ಮೇಲೆ ಅಂಗೈ ತಿರುಗಿಸಿ ನೋಡಿಕೊಂಡರು.

ಸೋಮವಾರ ಹೋದವಳೇ ಫಲಕ ತೆರೆದೆ. ಗುರುತಿನವರ ಆಟದ ಗುಂಡಿ ಹೊತ್ತಿತ್ತು. ಆರಿಸಲು ಹೋದರೆ ಗುಂಡಿ ಬೂದುಬಣ್ಣಕ್ಕೆ ತಿರುಗಿತ್ತು. ನೋಡಬಹುದು, ಮುಟ್ಟುವ ಹಾಗಿಲ್ಲ. ಆ ಗುಂಡಿ ಇಟ್ಟವಳಿಗೇ ಅಪ್ಪಣೆಯಿಲ್ಲ.

ಲೀಡು ಕಾಫಿ ಮಷೀನಿನ ಹತ್ತಿರ ಸಿಕ್ಕ. ಹೇಳಿದೆ.

"ಗೊತ್ತು ಮೇಡಂ," ಅಂದ. "ಗುರುತಿನೋರ ಆಟಾನೇ ಜನ ಜಾಸ್ತಿ ಆಡ್ತಿರೋದು. ಅದನ್ನ ಬಿಟ್ಟಿದ್ದೀರಲ್ಲ ಅಂತ ಮಾಲೀಕರು ಅಲ್ಲಿಂದಾನೇ ಆನ್ ಮಾಡಿದ್ರು. ನನ್ನನ್ನೂ ಕೇಳ್ಲಿಲ್ಲ."

"ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ." ಕಪ್ಪಿನೊಳಗೆ ನೋಡುತ್ತಾ ನಿಂತ. "ನನ್ ಪರ್ಮಿಷನ್ನೂ ತೆಗೆದುಬಿಟ್ಟಿದ್ದಾರೆ ಮೇಡಂ."

ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದುಕೊಂಡು ಹೋದವಳು, ಸಕ್ಕರೆ ಹಾಕಿಕೊಳ್ಳಲು ಮರೆತ ಅವನ ಕಪ್ಪಿಗೆ ಸಕ್ಕರೆ ಹಾಕಿಕೊಟ್ಟು ಬಂದೆ. ಆ ವಾರದ ಮೀಟಿಂಗಿನಲ್ಲಿ ಗುರುತಿನವರ ಆಟ ಹೇಗೆ ಮೇಲೇರಿದೆ ಅಂತ ಗೆರೆ ಎಳೆದು ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಗಳೂ ತಟ್ಟಿದವು.

ಅತ್ತೆಗೆ ಹೇಳಿಬಿಡೋಣ ಅನ್ನಿಸಿತು. ಅವರು ತಮ್ಮ ಕೈಯನ್ನೇ ದೂರುತ್ತಾ ಕೂರುವುದನ್ನು ನೋಡಲಾಗುತ್ತಿರಲಿಲ್ಲ. ಭಾನುವಾರ ಸೊಪ್ಪು ಸೋಸುವಾಗ ಎಲ್ಲ ಬಿಡಿಸಿ ಹೇಳಿದೆ. ಅವರು ಕೊತ್ತಂಬರಿಯ ಬೇರು ಮುರಿಯುತ್ತಲೇ ಕೇಳಿದರು.

"ನೀನಽ ಮಾಡಿದ್ದಲ್ಲೇನು ಇದನ್ನ? ನೀನಽ ಸರಿ ಮಾಡು."

"ನನ್ನ ಕೈಲಿ ಇಲ್ಲ ಅತ್ತೆ."

"ಮತ್ಯಾರ ಕೈಯಾಗ ಐತಿ?"

ಲೀಡಿನ ಮುಖ ಕಣ್ಣಮುಂದೆ ಬಂತು. ಅದರಾಚೆ ಯಾರ ಮುಖವೂ ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಅತ್ತೆ" ಅಂದೆ. ಆಮೇಲೆ, "ಒಂದು ನಾಲ್ಕು ದಿನ ಆಡಬೇಡಿ. ಬಿಟ್ಟುಹೋಗ್ತಾರೇನೋ ಅಂದುಕೊಂಡು ನಿಮಗೇ ಚೌಕ ಹಾಕುತ್ತೆ" ಅಂದೆ.

ಅತ್ತೆ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ನಾಕ್ ದಿನ ಆಡ್ಲಿಲ್ಲಂದ್ರ ಅಕಿ ಕೂಡ ಮಾತಾಡೋದು ಯಾವಾಗ?" ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿ ಕಾಗದಕ್ಕೆ ಸುರಿದರು. "ಅಕಿಗೆ ಮಾತ್ರ ಹೇಳಬ್ಯಾಡ ಇದನ್ನ. ಗೆಲ್ತೀನಿ ಅಂತ ಈಗ ದಿನಾ ಬರಾಕತ್ಯಾಳ. ಮೊದಲು ಹಂಗಿದ್ದಳೇನು? ನಾ ಸೋತರ ಏನಾತು ಬಿಡು."

ಅವರಿಗೆ ಒಳಗೊಳಗೇ ಸಮಾಧಾನವಾಗಿತ್ತು ಅಂತ ಕಾಣುತ್ತದೆ. ಕೈಗುಣ ಹೋಗಿರಲಿಲ್ಲವಲ್ಲ. ಮರುದಿನದಿಂದ ಸೋಲುವುದಕ್ಕೇ ಸಿದ್ಧರಾಗಿ, ತಂಗಿಯನ್ನು ಇನ್ನಷ್ಟು ಉಬ್ಬಿಸುತ್ತಾ ಕೂರತೊಡಗಿದರು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ತಂಗಿ ಈಗ ದಿನಾ ಬರುತ್ತಿದ್ದಾರೆ. ದಿನಾ ಬರುವವರಿಗೆ ಏನಾಗಬೇಕು ಅಂತ ಬರೆದವಳು ನಾನು. ಎಷ್ಟು ದಿನ ತಪ್ಪದೆ ಬಂದರೆ ಅವರೂ ಬಿಟ್ಟುಹೋಗದವರ ಪಟ್ಟಿಗೆ ಸೇರುತ್ತಾರೆ ಅನ್ನುವುದೂ ನನಗೆ ಗೊತ್ತಿತ್ತು. ಅದನ್ನು ಅತ್ತೆಗೆ ಹೇಳುವ ಧೈರ್ಯ ಬರಲಿಲ್ಲ. ಹೇಳಿದ್ದರೂ ಅವರು ತಾನೇ ಏನು ಮಾಡುತ್ತಿದ್ದರು?

ಮುಂದಿನ ರಜೆಯ ದಿನ ಅನ್ನ ಬಸಿಯುತ್ತಾ ನಿಂತಿದ್ದೆ. ಕೋಣೆಯಿಂದ ಆಟದ ಸದ್ದು, ಅತ್ತೆಯ ಹುರಿದುಂಬಿಸುವ ಮಾತು. ತಂಗಿಯ ನಗು ಅವತ್ತು ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ದನಿ ಬಂತು.

"ಯಾಕೋ ಏನೋ ಅಕ್ಕಾ, ನನಗೂ ಬರೇ ಎರಡಽ ಬೀಳಾಕತ್ತಾವ. ಸಾಕು ಇವತ್ತಿಗೆ. ನಾಳೆ ನೋಡೂಣಂತ."

"ಇನ್ನೊಂದ್ಸಲ ಎಸಿ. ಈ ಸಲ ಬೀಳ್ತದ ನೋಡು" ಅಂದರು ಅತ್ತೆ. ಅಂದು, ಅಡುಗೆಮನೆ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು.

ಬೀಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಗಂಜಿ ಬಸಿದು ಮುಗಿದಿದ್ದರೂ ಪಾತ್ರೆಯನ್ನು ಬಗ್ಗಿಸಿಯೇ ಹಿಡಿದುಕೊಂಡು ನಿಂತಿದ್ದೆ.