ಎಷ್ಟು ಸಮಯದಿಂದ ಉಂಟು?

ಗಂಡಸರ ನಿಮಿರು ದೌರ್ಬಲ್ಯಕ್ಕೆ ವಿಡಿಯೋ ಕಾಲ್‌ನಲ್ಲೇ ಮದ್ದು ಬರೆಯುವ ಹಂಪನಕಟ್ಟೆಯ ಡಾಕ್ಟರೊಬ್ಬರ ಹತ್ತಿರ ನಾನು ನರ್ಸು. ಮೊದಲು ಫೋನಿನಲ್ಲಿ ವಿವರ ಕೇಳಿ ಬರೆದಿಡುವುದು ನನ್ನ ಕೆಲಸ.

ಮೊನ್ನೆ ಸುರತ್ಕಲ್‌ನಿಂದ ಒಬ್ಬರು ಫೋನ್ ಮಾಡಿದರು. ಎರಡು ವರ್ಷದ ನಂತರ ಹಿಂದಿನ ದಿನವಷ್ಟೇ ದುಬೈಯಿಂದ ರಜೆಯಲ್ಲಿ ಬಂದವರು. "ನಾವು ಮರ್ಯಾದೆಯವರು ಸಿಸ್ಟರ್, ಹೆಂಗಸರ ಹತ್ತಿರ ಇದೆಲ್ಲ ಹೇಳಲಿಕ್ಕಿಲ್ಲ," ಎಂದು ನನಗೇ ಪಾಠ ಮಾಡಿದರು.

"ತೊಂದರೆ ಎಷ್ಟು ಸಮಯದಿಂದ ಉಂಟು?"

"ಆರು ತಿಂಗಳಾಯ್ತು."

"ಹೆಂಡತಿಯೂ ದುಬೈಯಲ್ಲೇ ಇದ್ದದ್ದಾ?"

"ಇಲ್ಲ, ಅವಳು ಇಲ್ಲೇ ಮನೆಯಲ್ಲಿ."

ನಾನು ಬರೆಯುವುದನ್ನು ನಿಲ್ಲಿಸಿದೆ. "ಆರು ತಿಂಗಳು ಅಂತಲೇ ಬರೆಯಲಾ?" ಎಂದು ಕೇಳಿದೆ. ಅವರು ಮೆಲ್ಲ ಹೇಳಿದರು, "ಸಿಸ್ಟರ್, ನಿನ್ನೆಯಿಂದ ಅಂತ ಬರೆಯಿರಿ."

ಹಾಗೆಯೇ ಬರೆದೆ. ಡಾಕ್ಟರು ಅದನ್ನು ಓದಿ, ವಿಡಿಯೋ ಕಾಲ್‌ನಲ್ಲಿ ಅವರಿಗೆ, ಇದು ಪ್ರಯಾಣದ ಸುಸ್ತು, ಮದ್ದು ಬೇಡ, ಚೆನ್ನಾಗಿ ನಿದ್ದೆ ಮಾಡಿ ಎಂದರು. ಮರ್ಯಾದೆಯವರಲ್ಲವೇ, ಎದುರು ಮಾತಾಡಲಿಲ್ಲ.